ಒಂಟಿ ಸೈಕಲ್ಲಿನ ಕೊನೆಯ ಮೈಲಿಗಳು

1886ರ ಡಿಸೆಂಬರ್ 17ರಂದು ಥಾಮಸ್ ಸ್ಟೀವನ್ಸ್ ಎಂಬಾತ ಎದೆಮಟ್ಟದ ಮುಂಚಕ್ರದ ಸೈಕಲ್ ತುಳಿಯುತ್ತ ಜಪಾನಿನ ಯೊಕೊಹಾಮಾ ಬಂದರನ್ನು ತಲುಪಿದ. ಮೂವತ್ತೆರಡು ತುಂಬಲು ಅವನಿಗೆ ಇನ್ನೊಂದು ವಾರವಿತ್ತು. 1884ರ ಏಪ್ರಿಲ್ 22ರಂದು ಸ್ಯಾನ್ ಫ್ರಾನ್ಸಿಸ್ಕೊದಿಂದ ಪೂರ್ವಕ್ಕೆ ಮುಖ ಮಾಡಿ ಹೊರಟವನು ಅಮೆರಿಕ, ಯುರೋಪ್, ತುರ್ಕಿ, ಪರ್ಷಿಯಾ, ಭಾರತ, ಚೀನಾಗಳನ್ನು ಹಾದು ಬಂದಿದ್ದ. ಅವನ ಲೆಕ್ಕದಲ್ಲಿ ಸೈಕಲ್ಲಿನಿಂದ ಕ್ರಮಿಸಿದ ದೂರ ಸುಮಾರು 13,500 ಮೈಲಿ. ಎದುರಿಗೆ ಪೆಸಿಫಿಕ್ ಸಾಗರ, ಅದರಾಚೆಗೆ ಅವನು ಹೊರಟ ಊರು. ಸೈಕಲ್ ಪ್ರವಾಸ ಇಲ್ಲಿಗೆ ಮುಗಿಯಿತು ಎಂದು ಅವನೇ ತೀರ್ಮಾನಿಸಿದ, ಹಾಗೆಂದೇ ಬರೆದಿಟ್ಟ. ಅವನಿಗಿಂತ ಮುಂಚೆ ಸೈಕಲ್ಲಿನಲ್ಲಿ ಭೂಮಿ ಸುತ್ತಿದವರು ಯಾರೂ ಇರಲಿಲ್ಲ. ಹಾಗಾಗಿ ಇಂಥ ಪ್ರವಾಸ ಎಲ್ಲಿಗೆ ಬಂದರೆ ಮುಗಿದಂತೆ ಎಂದು ಹೇಳಿಕೊಡುವವರೂ ಇರಲಿಲ್ಲ.

ದೂರದ ಒಂಟಿ ಸೈಕಲ್ ಪ್ರವಾಸಗಳ ಕತೆಗಳಲ್ಲಿ ಹೊರಟ ದಿನದ ಸಂಭ್ರಮವೇ ಮೊದಲು ಕಣ್ಣಿಗೆ ಬೀಳುತ್ತದೆ. ಜನ ಸೇರಿರುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ, ಮರುದಿನದ ಪತ್ರಿಕೆಯಲ್ಲಿ ಸುದ್ದಿ ಬರುತ್ತದೆ. ಆದರೆ ಈ ಚರಿತ್ರೆಯ ತಿರುಳು ಇರುವುದು ಕೊನೆಯ ಹಂತದಲ್ಲಿ. ಹೊರಡುವ ದಿನ, ಬೀದಿ, ಸೈಕಲ್ಲು, ಗಂಟುಮೂಟೆ ಎಲ್ಲವೂ ಸವಾರನ ಆಯ್ಕೆ. ಮುಗಿಸುವ ಜಾಗವನ್ನು ಮಾತ್ರ ಬಹಳ ಸಲ ಬೇರೆ ಯಾರೋ ಗೊತ್ತುಮಾಡಿದ್ದಾರೆ. ಒಮ್ಮೆ ಗಡಿಯ ಅಧಿಕಾರಿ, ಒಮ್ಮೆ ಯುದ್ಧ, ಇನ್ನೊಮ್ಮೆ ದಾಖಲೆ ಪುಸ್ತಕದ ನಿಯಮ.

ಸ್ಟೀವನ್ಸನದೇ ನೋಡಿ. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಹೋದವನು, ಅಲ್ಲಿ ಗಣಿಯಲ್ಲೂ ದುಡಿದವನು. ಅವನ ಸೈಕಲ್ಲು ಪೋಪ್ ಕಂಪನಿಯ ‘ಕೊಲಂಬಿಯಾ’. ಮುಂಚಕ್ರದ ಅಡ್ಡಳತೆ 50 ಅಂಗುಲ. ಪೆಡಲುಗಳು ಮುಂಚಕ್ರದ ಅಚ್ಚಿಗೇ ಜೋಡಿಸಿದವು, ಚೈನು ಇಲ್ಲ, ಗಾಳಿ ತುಂಬಿದ ಟಯರೂ ಇಲ್ಲ, ಗಟ್ಟಿ ರಬ್ಬರಿನ ಪಟ್ಟಿ ಮಾತ್ರ. ಎದುರು ಒಂದು ಕಲ್ಲು ಸಿಕ್ಕರೂ ಸವಾರ ಹ್ಯಾಂಡಲ್ ದಾಟಿ ತಲೆಕೆಳಗಾಗಿ ಬೀಳುತ್ತಿದ್ದ ಕಾಲ ಅದು. ಸಾಮಾನು ಎಂದರೆ ಕಾಲುಚೀಲ, ಇನ್ನೊಂದು ಅಂಗಿ, ಡೇರೆಯೂ ಹಾಸಿಗೆಯೂ ಆಗಬಲ್ಲ ಒಂದು ಮಳೆಕೋಟು, ಒಂದು ಪಿಸ್ತೂಲು. ಇಷ್ಟರಲ್ಲೇ ಅಮೆರಿಕವನ್ನು ಅಡ್ಡಹಾಯ್ದು 1884ರ ಆಗಸ್ಟ್ 4ಕ್ಕೆ ಬಾಸ್ಟನ್ ತಲುಪಿದ. ಆ ದಾರಿಯಲ್ಲಿ ಸುಮಾರು ಮೂರನೇ ಒಂದು ಪಾಲು ಸೈಕಲ್ ತಳ್ಳಿಕೊಂಡು ನಡೆದದ್ದೇ. ಮರುವರ್ಷ ‘ಔಟಿಂಗ್’ ಪತ್ರಿಕೆಯ ವಿಶೇಷ ವರದಿಗಾರನಾಗಿ ಇಂಗ್ಲೆಂಡಿಗೆ ಹಡಗು ಹತ್ತಿದ.

ತೆಹರಾನಿನಲ್ಲಿ ಚಳಿಗಾಲ ಕಳೆದ ಮೇಲೆ ಅವನ ನಕ್ಷೆ ಹರಿಯತೊಡಗಿತು. ಸೈಬೀರಿಯದ ಮೂಲಕ ಚೀನಾಕ್ಕೆ ಹೋಗಲು ಅಪ್ಪಣೆ ಸಿಗಲಿಲ್ಲ. ಅಫ್ಘಾನಿಸ್ತಾನ ದಾಟಿ ಭಾರತಕ್ಕೆ ಇಳಿಯುತ್ತೇನೆಂದು ಹೊರಟ. ರಷ್ಯನ್ನರೂ ಬ್ರಿಟಿಷರೂ ಅಫ್ಘನ್ ಗಡಿಯ ವಿಚಾರಕ್ಕೆ ಕತ್ತಿ ಮಸೆಯುತ್ತಿದ್ದ ದಿನಗಳವು. 1885ರಲ್ಲಿ ಪಂಜ್‌ದೇಹ್‌ನಲ್ಲಿ ರಷ್ಯನ್ ಪಡೆ ಅಫ್ಘನ್ನರ ಮೇಲೆ ಬಿದ್ದು ಇನ್ನೂ ಬಹುಕಾಲ ಆಗಿರಲಿಲ್ಲ. ಅಂಥ ನೆಲದಲ್ಲಿ ಒಬ್ಬ ಇಂಗ್ಲಿಷಿನವನು ವಿಚಿತ್ರ ಬಂಡಿಯೊಂದನ್ನು ಏರಿ ಬಂದರೆ ನಂಬುವವರು ಯಾರು? ಫರಾಹ್‌ನಲ್ಲಿ ಹಿಡಿದು, ಹೆರಾತಿಗೆ ಕರೆದೊಯ್ದು, ಅಲ್ಲಿಂದ ಪರ್ಷಿಯಾಕ್ಕೆ ವಾಪಸ್ಸು ಅಟ್ಟಿದರು. ಅವನು ಕ್ಯಾಸ್ಪಿಯನ್ ಸಮುದ್ರ ದಾಟಿ, ಬಾಕುವಿನಿಂದ ಬಾಟುಮಿಗೆ ರೈಲಿನಲ್ಲಿ ಹೋಗಿ, ಮತ್ತೆ ಕಾನ್‌ಸ್ಟಾಂಟಿನೋಪಲ್ ಕಂಡು, ಸೂಯೆಜ್ ಮಾರ್ಗವಾಗಿ ಕರಾಚಿಗೆ ಬಂದಿಳಿದ. ಬಂದ ದಾರಿಯನ್ನೇ ಅರ್ಧ ಹಿಂದಕ್ಕೆ ಹೋಗಿ ಸುತ್ತು ಹಾಕಿದ್ದಾಯಿತು. ಜಗತ್ತಿನ ಮೊದಲ ಸೈಕಲ್ ಪ್ರದಕ್ಷಿಣೆಯ ಕೊನೆಯ ಭಾಗ ನಮ್ಮ ಉಪಖಂಡದ ಮೇಲೆ ಹಾದು ಹೋದದ್ದು ಈ ಕಾರಣಕ್ಕೆ.

ಲಾಹೋರಿನಿಂದ ಕಲ್ಕತ್ತೆಯವರೆಗೆ ಗ್ರ್ಯಾಂಡ್ ಟ್ರಂಕ್ ರಸ್ತೆ. ಮಳೆಗಾಲದ ಸೆಕೆ ಮೈ ಬೇಯಿಸುತ್ತಿದ್ದರೂ ದಾರಿಯನ್ನು ಅವನು ಮನಸಾರೆ ಹೊಗಳಿದ್ದಾನೆ. ಗಂಗೆಯ ಬಯಲಿನಲ್ಲಿ ಜಲ್ಲಿಕಲ್ಲು ಸಿಗುವುದಿಲ್ಲ. ಅಲ್ಲಿ ರಸ್ತೆಗೆ ಹಾಕುತ್ತಿದ್ದದ್ದು ನೆಲದಲ್ಲೇ ದೊರೆಯುವ ಸುಣ್ಣದ ಹರಳು, ಕಂಕರ್. ನೀರು ಹೊಯ್ದು ಬಡಿದರೆ ಅದು ಗಾರೆಯ ಹಾಗೆ ಗಟ್ಟಿಯಾಗುತ್ತದೆ. ಕಲ್ಲಿಗೆ ಹೆದರಿಕೊಂಡೇ ಅಷ್ಟು ದೂರ ಬಂದಿದ್ದ ಎತ್ತರದ ಸೈಕಲ್ಲಿಗೆ ಇದಕ್ಕಿಂತ ಒಳ್ಳೆಯ ಹಾಸು ಸಿಕ್ಕಲಾರದು. ಶತಮಾನಗಳ ಕಾಲ ಸೈನ್ಯ, ವ್ಯಾಪಾರಿ, ಯಾತ್ರಿಕರನ್ನು ಹೊತ್ತ ದಾರಿ ಕೊನೆಯ ಹಂತದಲ್ಲಿದ್ದ ಒಬ್ಬ ಒಂಟಿ ಸವಾರನಿಗೂ ಆಸರೆಯಾಯಿತು.

ಚೀನಾದಲ್ಲಿ ಕತೆ ತಿರುಗಿತು. ಕ್ಯಾಂಟನ್ನಿನಿಂದ ಉತ್ತರಕ್ಕೆ ಹೊರಟರೆ ದಾರಿ ಎಂಬುದೇ ಇಲ್ಲ. ಭತ್ತದ ಗದ್ದೆಗಳ ಬದುವಿನ ಮೇಲಿನ ಕಾಲುಹಾದಿ, ಬೆಟ್ಟದ ಏರುಗಳಲ್ಲಿ ಕಲ್ಲುಮೆಟ್ಟಿಲು. ಸೈಕಲ್ ಏರುವುದಕ್ಕಿಂತ ಅದನ್ನು ತಳ್ಳಿದ್ದೂ ಹೊತ್ತದ್ದೂ ಹೆಚ್ಚು. ಅದಕ್ಕಿಂತ ದೊಡ್ಡ ಕಷ್ಟ ಜನರ ಸಿಟ್ಟು. 1884–85ರ ಫ್ರೆಂಚ್ ಯುದ್ಧದ ಗಾಯ ಹಸಿಯಾಗಿತ್ತು, ಬಿಳಿಯ ಮುಖ ಕಂಡರೆ ಊರೇ ಕೆರಳುತ್ತಿತ್ತು. ಇಂದಿನ ಜಿಯಾಂಗ್‌ಶಿ ಪ್ರಾಂತದ ಜಿಆನ್ ಪಟ್ಟಣದಲ್ಲಿ ಜನ ಮುತ್ತಿಗೆ ಹಾಕಿದಾಗ ಅವನ ಜೀವ ಉಳಿಸಿದ್ದು ಅಲ್ಲಿನ ಅಧಿಕಾರಿಗಳು. ಕಾವಲಿನಲ್ಲಿ ದೋಣಿ ಹತ್ತಿಸಿ ನದಿಯಲ್ಲಿ ಕೆಳಕ್ಕೆ ಸಾಗಹಾಕಿದರು. ಜಪಾನಿನಲ್ಲಿ ನಾಗಸಾಕಿಯಿಂದ ಯೊಕೊಹಾಮಾವರೆಗಿನ ಸವಾರಿ ಹಬ್ಬದ ಊಟದಂತೆ ರುಚಿಸಿದ್ದಕ್ಕೆ ಹಿಂದಿನ ವಾರಗಳ ಭಯವೂ ಕಾರಣ. ಅವನ ಆ ಸೈಕಲ್ಲನ್ನು ಪೋಪ್ ಕಂಪನಿ ದಶಕಗಳ ಕಾಲ ಕಾಪಾಡಿಕೊಂಡಿತ್ತು. ಎರಡನೇ ಮಹಾಯುದ್ಧದಲ್ಲಿ ಹಳೆಕಬ್ಬಿಣ ಕೂಡಿಸುವಾಗ ಅದನ್ನೂ ಕೊಟ್ಟುಬಿಟ್ಟರು.

ಸ್ಟೀವನ್ಸ್ ಮರಳಿ ಐದು ವರ್ಷಕ್ಕೆ, 1892ರಲ್ಲಿ, ಅದೇ ‘ಔಟಿಂಗ್’ ಪತ್ರಿಕೆಗೆ ಬರೆಯುತ್ತ ಪಿಟ್ಸ್‌ಬರ್ಗಿನ ಫ್ರ್ಯಾಂಕ್ ಲೆನ್ಜ್ ಹೊರಟ. ಅವನು ಲೆಕ್ಕ ಬರೆಯುವ ಗುಮಾಸ್ತ, ಫೋಟೊ ತೆಗೆಯುವ ಹುಚ್ಚಿನವನು. ಆ ಹೊತ್ತಿಗೆ ಎರಡೂ ಚಕ್ರ ಸಮನಾದ, ಗಾಳಿ ತುಂಬಿದ ಟಯರಿನ ‘ಸೇಫ್ಟಿ’ ಸೈಕಲ್ ಬಂದಿತ್ತು. ಕ್ಯಾಮೆರಾ ಬೆನ್ನಿಗೆ ಕಟ್ಟಿಕೊಂಡು ಪಶ್ಚಿಮದ ದಿಕ್ಕಿನಲ್ಲಿ ಅಮೆರಿಕ, ಜಪಾನ್, ಚೀನಾ, ಬರ್ಮಾ, ಭಾರತ, ಪರ್ಷಿಯಾ ದಾಟಿದ. ಚೀನಾದಲ್ಲಿ ಅವನಿಗೂ ಕಲ್ಲೇಟು ತಪ್ಪಲಿಲ್ಲ. 1894ರ ಮೇ ತಿಂಗಳಲ್ಲಿ ತಬ್ರೀಜ್ ಬಿಟ್ಟು ಪೂರ್ವ ತುರ್ಕಿಯ ಎರ್ಜುರುಮ್ ಕಡೆ ಹೊರಟಾಗ ಅತಿ ಕಷ್ಟದ ಭಾಗ ಹಿಂದೆ ಉಳಿಯಿತೆಂದೇ ಲೆಕ್ಕ. ಮುಂದೆ ಯುರೋಪಿನ ಒಳ್ಳೆಯ ರಸ್ತೆಗಳು, ಆಮೇಲೆ ಮನೆ. ಎರ್ಜುರುಮಿಗೆ ಅವನು ಬರಲೇ ಇಲ್ಲ.

ಸುದ್ದಿ ನಿಧಾನವಾಗಿ ಚಲಿಸುತ್ತಿದ್ದ ಕಾಲ. ಅವನು ಮೊದಲೇ ಕಳಿಸಿದ್ದ ಬರಹಗಳು ಪತ್ರಿಕೆಯಲ್ಲಿ ಅಚ್ಚಾಗುತ್ತಲೇ ಇದ್ದವು. ಅಮೆರಿಕದ ಓದುಗರು ಅವನು ದಾಟಿಬಂದ ಏಷ್ಯಾದ ಕತೆಗಳನ್ನು ಓದುತ್ತಿದ್ದಾಗ ಅವನೇ ಇರಲಿಲ್ಲ. 1895ರಲ್ಲಿ ಪತ್ರಿಕೆ ವಿಲಿಯಂ ಸಾಕ್‌ಟ್ಲೆಬೆನ್ ಎಂಬವನನ್ನು ಹುಡುಕಲು ಕಳಿಸಿತು. ಗೆಳೆಯ ಥಾಮಸ್ ಅಲೆನ್ ಜೊತೆ ಏಷ್ಯಾವನ್ನು ಸೈಕಲ್ಲಿನಲ್ಲಿ ದಾಟಿದ್ದ ಸಾಕ್‌ಟ್ಲೆಬೆನ್‌ಗೆ ಆ ದಾರಿ ಪರಿಚಿತ. ದೆಲಿಬಾಬಾ ಎಂಬ ಊರಿನ ಆಸುಪಾಸಿನಲ್ಲಿ ಕುರ್ದ್ ಗುಂಪೊಂದು ಲೆನ್ಜ್‌ನನ್ನು ಕೊಂದಿದೆ ಎಂಬ ತೀರ್ಮಾನಕ್ಕೆ ಬಂದ, ಆದರೆ ಹೆಣವಾಗಲಿ ಗೋರಿಯಾಗಲಿ ಸಿಗಲಿಲ್ಲ. ಅವನು ಎರ್ಜುರುಮಿನಲ್ಲಿರುವಾಗಲೇ, 1895ರ ಅಕ್ಟೋಬರ್ ಕೊನೆಯಲ್ಲಿ, ಅಲ್ಲಿನ ಅರ್ಮೇನಿಯನ್ನರ ಕಗ್ಗೊಲೆ ನಡೆಯಿತು. ಒಬ್ಬ ಸೈಕಲ್ ಸವಾರನ ಜಾಡು ಹಿಡಿದು ಹೋದವನು ಸಾವಿರಾರು ಜನರ ದುರಂತಕ್ಕೆ ಸಾಕ್ಷಿಯಾದ. ಅವನ ಬರಹ ಮತ್ತು ಫೋಟೊಗಳನ್ನು ಇಂದಿಗೂ ಚರಿತ್ರೆಕಾರರು ಆಧಾರವಾಗಿ ಬಳಸುತ್ತಾರೆ. ಲೆನ್ಜ್ ಒಬ್ಬ ಹುಂಬ ಸಾಹಸಿ, ಅದಕ್ಕೇ ಸತ್ತ ಎಂದು ಬರೆದವರಿದ್ದಾರೆ. ಅದು ನ್ಯಾಯವಲ್ಲ. ಅವನು ಹಾದುಹೋದ ನಾಡೇ ಹೊತ್ತಿ ಉರಿಯುವ ಅಂಚಿನಲ್ಲಿತ್ತು.

ಲೆನ್ಜ್ ಕಾಣೆಯಾದ ಮರುತಿಂಗಳೇ, 1894ರ ಜೂನ್‌ನಲ್ಲಿ, ಬಾಸ್ಟನ್ನಿನಲ್ಲಿ ಮೂರು ಮಕ್ಕಳ ತಾಯಿಯೊಬ್ಬಳು ಸೈಕಲ್ ಏರಿದಳು. ಹೆಸರು ಆನಿ ಕೊಪ್‌ಚೋವ್‌ಸ್ಕಿ, ಲಾಟ್ವಿಯಾದಿಂದ ವಲಸೆ ಬಂದ ಯಹೂದಿ ಮನೆತನ. ಹದಿನೈದು ತಿಂಗಳಲ್ಲಿ ಹೆಣ್ಣೊಬ್ಬಳು ಜಗತ್ತು ಸುತ್ತಬಲ್ಲಳೇ ಎಂದು ಇಬ್ಬರು ಸಿರಿವಂತರು ಪಣ ಕಟ್ಟಿದ್ದಾರೆಂದು ಹೇಳಿಕೊಂಡಳು. ಲಂಡನ್‌ಡೆರಿ ಎಂಬ ಖನಿಜನೀರಿನ ಕಂಪನಿ 100 ಡಾಲರ್ ಕೊಟ್ಟು ಸೈಕಲ್ಲಿಗೆ ಹಲಗೆ ಕಟ್ಟಿಸಿತು. ಅಂದಿನಿಂದ ಅವಳು ಆನಿ ಲಂಡನ್‌ಡೆರಿ. 42 ಪೌಂಡ್ ತೂಕದ ಹೆಂಗಸರ ಸೈಕಲ್ ತುಳಿದು ಶಿಕಾಗೊ ಮುಟ್ಟುವಷ್ಟರಲ್ಲಿ ಚಳಿಗಾಲ ಬಾಗಿಲಿಗೆ ಬಂದಿತ್ತು, ಪಶ್ಚಿಮದ ಬೆಟ್ಟಗಳನ್ನು ದಾಟುವ ಹೊತ್ತು ಮೀರಿತ್ತು. ಅವಳು 21 ಪೌಂಡಿನ ಗಂಡಸರ ಸೈಕಲ್ಲಿಗೆ ಬದಲಾಯಿಸಿಕೊಂಡು ಪೂರ್ವಕ್ಕೆ ತಿರುಗಿ ಹಡಗು ಹತ್ತಿದಳು. ಹೀಗಾಗಿ ಪ್ರದಕ್ಷಿಣೆ ಮುಗಿಯಬೇಕಾದ ಊರು ಬಾಸ್ಟನ್ ಹೋಗಿ ಶಿಕಾಗೊ ಆಯಿತು.

ಫ್ರಾನ್ಸ್ ಬಿಟ್ಟ ಮೇಲೆ ಅವಳ ಪ್ರವಾಸದ ಬಹುಭಾಗ ಹಡಗಿನಲ್ಲೇ. ಪತ್ರಕರ್ತರಿಗೆ ಬಣ್ಣ ಕಟ್ಟಿ ಕತೆ ಹೇಳುವುದರಲ್ಲೂ ಅವಳು ಹಿಂದೆ ಬೀಳಲಿಲ್ಲ. ಆದರೆ 1895ರ ಮಾರ್ಚ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಳಿದ ಮೇಲಿನ ಕೊನೆಯ ಹಂತ ಸುಲಭದ್ದಲ್ಲ. ಕ್ಯಾಲಿಫೋರ್ನಿಯಾ, ಅರಿಜೋನಾ, ನ್ಯೂ ಮೆಕ್ಸಿಕೊಗಳ ಮರಳುಗಾಡು ದಾಟಿ, ಎಲ್ ಪಾಸೊ ಹಾದು ಡೆನ್ವರಿಗೆ ಬಂದಳು. ಆ ಮರಳಿನಲ್ಲಿ ಚಕ್ರ ಹೂತುಕೊಳ್ಳದ ದಾರಿ ಎಂದರೆ ರೈಲು ಹಳಿಯ ಪಕ್ಕದ್ದು. ಶಿಕಾಗೊ ಇನ್ನೇನು ಬಂತು ಎನ್ನುವಾಗ, ಅಯೋವಾ ರಾಜ್ಯದಲ್ಲಿ ಹಂದಿಗಳ ಗುಂಪೊಂದು ಸೈಕಲ್ಲಿಗೆ ಅಡ್ಡ ಬಂದು ಬಿದ್ದಳು, ಮಣಿಕಟ್ಟು ಮುರಿಯಿತು. ಸೆಪ್ಟೆಂಬರ್ 12ರಂದು ಪಟ್ಟಿ ಕಟ್ಟಿದ ಕೈಯಲ್ಲೇ ಶಿಕಾಗೊ ಪ್ರವೇಶಿಸಿದಳು. ಹಡಗು ರೈಲುಗಳನ್ನು ಲೆಕ್ಕ ಹಾಕಿ ಅವಳ ಸಾಧನೆಯನ್ನು ಕಡೆಗಣಿಸುವವರು ಒಂದು ಮರೆಯುತ್ತಾರೆ. ಹೆಣ್ಣು ಸೈಕಲ್ ಏರುವುದು ಸರಿಯೇ ಎಂಬ ವಾದ ಇನ್ನೂ ನಡೆಯುತ್ತಿದ್ದ ಕಾಲದಲ್ಲಿ ಒಬ್ಬ ತಾಯಿ ಮುರಿದ ಕೈಯಲ್ಲಿ ತನ್ನ ಗಡುವನ್ನು ಮುಟ್ಟಿದಳು.

ಅದೇ ದಶಕದ ಆಸ್ಟ್ರೇಲಿಯಾದಲ್ಲಿ ಕೊನೆ ಎಂಬುದಕ್ಕೆ ಸ್ಪಷ್ಟವಾದ ಗುರುತಿತ್ತು. 1897ರಲ್ಲಿ ಜೆರೋಮ್ ಮುರಿಫ್ ದಕ್ಷಿಣದ ಅಡಿಲೇಡ್‌ನಿಂದ ಉತ್ತರದ ಡಾರ್ವಿನ್‌ವರೆಗೆ ಟೆಲಿಗ್ರಾಫ್ ತಂತಿಯ ಜಾಡಿನಲ್ಲಿ ಖಂಡವನ್ನು ಸೀಳಿಕೊಂಡು ಹೋದ. ಹೊರಡುವಾಗ ಚಕ್ರವನ್ನು ಸಮುದ್ರದಲ್ಲಿ ಅದ್ದಿದ್ದ, ಮುಟ್ಟಿದ ಮೇಲೆ ಉತ್ತರದ ಸಮುದ್ರದಲ್ಲೂ ಅದ್ದಿದ. ಎರಡು ವರ್ಷದ ನಂತರ ಆರ್ಥರ್ ರಿಚರ್ಡ್‌ಸನ್ ಪರ್ತ್‌ನಿಂದ ಹೊರಟು ಇಡೀ ಖಂಡವನ್ನೇ ಸುತ್ತಿ 1900ರ ಫೆಬ್ರುವರಿ 4ರಂದು ಪರ್ತ್‌ಗೆ ಮರಳಿದ. ಸಮುದ್ರಕ್ಕೆ ಚಕ್ರ ತಾಗಿಸುವ ಪದ್ಧತಿ ಇವತ್ತಿಗೂ ಖಂಡ ದಾಟುವ ಸವಾರರಲ್ಲಿ ಉಳಿದಿದೆ.

ಇಪ್ಪತ್ತನೇ ಶತಮಾನದಲ್ಲಿ ಏಷ್ಯಾದವರೇ ಸೈಕಲ್ ಹತ್ತಿ ಹೊರಟರು. 1923ರಲ್ಲಿ ಬೊಂಬಾಯಿಯಿಂದ ಆರು ಮಂದಿ ಪಾರ್ಸಿ ತರುಣರು ಹೊರಟು, 1928ರ ಮಾರ್ಚ್‌ನಲ್ಲಿ ಮರಳುವಾಗ ಮೂವರು ಉಳಿದಿದ್ದರು. ಒಂಟಿಯಾಗಿ ಹೋದವರಲ್ಲಿ ಎದ್ದು ಕಾಣುವವರು ರಾಮನಾಥ ಬಿಸ್ವಾಸ್. ಸಿಲ್‌ಹಟ್ ಸೀಮೆಯ ಬಾನಿಯಾಚೊಂಗ್ ಎಂಬ ದೊಡ್ಡ ಹಳ್ಳಿಯವರು. 1931ರಲ್ಲಿ ಸಿಂಗಪುರದಿಂದ ಹೊರಟು ಪೂರ್ವ ಏಷ್ಯಾ, ಆಮೇಲೆ ಅಫ್ಘಾನಿಸ್ತಾನದ ಮೂಲಕ ಯುರೋಪ್, ಮೂರನೇ ಸಲ ಆಫ್ರಿಕಾ ಮತ್ತು ಅಮೆರಿಕ ಸುತ್ತಿದರು. ಯುದ್ಧ ಜಗತ್ತನ್ನು ಮುಚ್ಚತೊಡಗಿದಾಗ, 1940ರಲ್ಲಿ, ಭಾರತಕ್ಕೆ ಬಂದರು. ಕಂಡದ್ದನ್ನೆಲ್ಲ ಬಂಗಾಳಿಯಲ್ಲಿ ಬರೆದು ಸಾಲುಸಾಲು ಪುಸ್ತಕ ತಂದರು. ಆದರೆ ಊರಿಗೆ ಮರಳುವುದು ಅವರ ಪಾಲಿಗೆ ಕೊನೆಗೂ ಗಟ್ಟಿಯಾಗಲಿಲ್ಲ. ದೇಶವಿಭಜನೆಯಲ್ಲಿ ಬಾನಿಯಾಚೊಂಗ್ ಪೂರ್ವ ಪಾಕಿಸ್ತಾನಕ್ಕೆ ಸೇರಿತು, ಅವರು ಕಲ್ಕತ್ತೆಯಲ್ಲಿ ನೆಲೆಸಿ 1955ರಲ್ಲಿ ಅಲ್ಲೇ ತೀರಿಕೊಂಡರು. ಅಷ್ಟೆಲ್ಲ ಗಡಿಗಳನ್ನು ಸೈಕಲ್ಲಿನಲ್ಲಿ ದಾಟಿದವರಿಗೂ ತಮ್ಮ ಮನೆಯ ಮುಂದೆ ಹೊಸದಾಗಿ ಎದ್ದ ಗಡಿ ದೊಡ್ಡದಾಯಿತು.

ಬಿಸ್ವಾಸ್ ಹೊರಟ ವರ್ಷವೇ ಪೋಲೆಂಡಿನ ಕಾಜಿಮಿಯೆಜ್ ನೊವಾಕ್ ಆಫ್ರಿಕಾಕ್ಕೆ ಹೊರಟರು. ಆರ್ಥಿಕ ಕುಸಿತದಲ್ಲಿ ಕೆಲಸ ಹೋಗಿತ್ತು. ದಾರಿಯಿಂದ ಪತ್ರಿಕೆಗಳಿಗೆ ಫೋಟೊ, ಬರಹ ಕಳಿಸಿ ಹೆಂಡತಿ ಮತ್ತು ಇಬ್ಬರು ಮಕ್ಕಳನ್ನು ಸಾಕುವುದು ಅವರ ಲೆಕ್ಕಾಚಾರ. ಟ್ರಿಪೊಲಿಯಿಂದ ತುಳಿಯುತ್ತ 1934ರಲ್ಲಿ ಖಂಡದ ದಕ್ಷಿಣ ತುದಿ, ಅಗುಲ್ಹಾಸ್ ಭೂಶಿರ ಮುಟ್ಟಿದರು. ಬೇರೆಯವರಾಗಿದ್ದರೆ ಅಲ್ಲಿ ಹಡಗು ಹತ್ತುತ್ತಿದ್ದರು. ನೊವಾಕ್ ಸೈಕಲ್ ತಿರುಗಿಸಿ ಇನ್ನೊಂದು ದಾರಿಯಲ್ಲಿ ಉತ್ತರಕ್ಕೆ ಹೊರಟರು. ಸೈಕಲ್ ಕೈಕೊಟ್ಟಾಗ ಕುದುರೆ, ನದಿ ಸಿಕ್ಕಾಗ ದೋಣಿ, ಸಹಾರಾದಲ್ಲಿ ಒಂಟೆ, ಉಳಿದಂತೆ ಕಾಲ್ನಡಿಗೆ. 1936ರ ನವೆಂಬರ್‌ನಲ್ಲಿ ಅಲ್ಜೀರ್ಸ್ ಸೇರಿದಾಗ ಒಟ್ಟು ದೂರ ಸುಮಾರು 40,000 ಕಿಲೋಮೀಟರ್. ಆದರೆ ಮಲೇರಿಯಾ ಮೈಯನ್ನು ಟೊಳ್ಳು ಮಾಡಿತ್ತು. ಮನೆಗೆ ಬಂದು ವರ್ಷ ತುಂಬುವ ಮೊದಲೇ, 1937ರ ಅಕ್ಟೋಬರ್‌ನಲ್ಲಿ, ಪೋಜ್ನಾನ್ ನಗರದಲ್ಲಿ ತೀರಿಕೊಂಡರು. ಮರೆತುಹೋಗಿದ್ದ ಅವರ ಹೆಸರಿನ ಫಲಕವನ್ನು ಆ ಊರಿನ ರೈಲು ನಿಲ್ದಾಣದಲ್ಲಿ 2006ರಲ್ಲಿ ಅನಾವರಣ ಮಾಡಿದವರು ಆಫ್ರಿಕಾವನ್ನು ಬಲ್ಲ ಇನ್ನೊಬ್ಬ ಪೋಲಿಷ್ ಬರಹಗಾರ, ರಿಶಾರ್ಡ್ ಕಪುಶ್ಚಿನ್‌ಸ್ಕಿ.

ಐರ್ಲೆಂಡಿನ ಡೆರ್ವ್ಲಾ ಮರ್ಫಿಯವರಿಗೆ ಹತ್ತನೇ ಹುಟ್ಟುಹಬ್ಬಕ್ಕೆ ಸಿಕ್ಕ ಉಡುಗೊರೆ ಒಂದು ಹಳೇ ಸೈಕಲ್ಲು ಮತ್ತು ಒಂದು ಅಟ್ಲಾಸು. ಸೈಕಲ್ಲಿನಲ್ಲಿ ಭಾರತಕ್ಕೆ ಹೋಗುತ್ತೇನೆಂದು ಹುಡುಗಿ ಆಗಲೇ ನಿಶ್ಚಯಿಸಿದಳು. ಹಾಸಿಗೆ ಹಿಡಿದಿದ್ದ ತಾಯಿಯ ಆರೈಕೆ ಮುಗಿದು, ಹೊರಡುವ ಹೊತ್ತಿಗೆ 1963 ಬಂದಿತ್ತು. ಯುರೋಪ್ ಹೆಪ್ಪುಗಟ್ಟಿದ್ದ ಆ ಜನವರಿಯಲ್ಲಿ ಡಂಕರ್ಕ್‌ನಿಂದ ಹೊರಟರು. ಸೈಕಲ್ಲಿನ ಹೆಸರು ‘ರೋಜ್’. ಏಷ್ಯಾದ ರಸ್ತೆಗೆ ಗೇರು ತಡೆಯದು ಎಂದು ಮೊದಲೇ ಬಿಚ್ಚಿಸಿದ್ದರು. ಅಫ್ಘಾನಿಸ್ತಾನದಲ್ಲಿ ಬಸ್ಸಿನೊಳಗೆ ನಡೆದ ಜಗಳವೊಂದರಲ್ಲಿ ಬಂದೂಕಿನ ಹಿಡಿ ತಾಗಿ ಪಕ್ಕೆಲುಬು ಮುರಿಯಿತು. ಜುಲೈ ತಿಂಗಳ ಸುಡುಬಿಸಿಲಿನಲ್ಲಿ ದೆಹಲಿ ತಲುಪಿದರು. ಬಾಲ್ಯದಿಂದ ಕಂಡ ಕನಸು ಅಲ್ಲಿಗೆ ಕೈಗೂಡಿತ್ತು, ಊರಿಗೆ ಮರಳಲು ಅಡ್ಡಿಯೂ ಇರಲಿಲ್ಲ. ಅವರು ಮಾತ್ರ ಧರ್ಮಶಾಲೆಗೆ ಹೋಗಿ ಟಿಬೆಟಿನಿಂದ ಓಡಿಬಂದಿದ್ದ ನಿರಾಶ್ರಿತರ ಮಕ್ಕಳ ಶಿಬಿರದಲ್ಲಿ ಸೇವೆಗೆ ನಿಂತರು. ಕೊನೆಯ ಹಂತವನ್ನು ತಾವೇ ಆರಿಸಿಕೊಂಡ ಅಪರೂಪದವರಲ್ಲಿ ಮರ್ಫಿ ಒಬ್ಬರು. ಮುಂದಿನ ಅರ್ಧ ಶತಮಾನ ಅವರು ಬರೆದ ಪ್ರವಾಸ ಸಾಹಿತ್ಯದಲ್ಲಿ ದಾರಿಗಿಂತ ದಾರಿಬದಿಯ ಜನರ ಕಷ್ಟಸುಖಗಳೇ ಹೆಚ್ಚು ಕಾಣುವುದಕ್ಕೆ ಆ ತಿಂಗಳುಗಳ ಋಣವಿದೆ.

ಈಚಿನ ದಶಕಗಳಲ್ಲಿ ಕೊನೆಯನ್ನು ಗಡಿಯಾರ ನಿರ್ಧರಿಸುತ್ತದೆ. ಗಿನ್ನೆಸ್ ನಿಯಮದ ಪ್ರಕಾರ ಜಗತ್ತು ಸುತ್ತಿದೆ ಎನ್ನಬೇಕಾದರೆ ಸೈಕಲ್ಲಿನಲ್ಲೇ ಕನಿಷ್ಠ 18,000 ಮೈಲಿ, ಅಂದರೆ ಸುಮಾರು 29,000 ಕಿಲೋಮೀಟರ್ ಆಗಬೇಕು. ಭೂಗೋಳದಲ್ಲಿ ಒಂದಕ್ಕೊಂದು ನೇರ ಎದುರಾಗಿರುವ ಎರಡು ಜಾಗಗಳನ್ನು ಮುಟ್ಟಬೇಕು. ಹೊರಟಲ್ಲಿಗೇ ಬಂದು ನಿಲ್ಲಬೇಕು. ವಿಮಾನಕ್ಕೆ ಕಾಯುವ ಹೊತ್ತೂ ಈಗ ಲೆಕ್ಕಕ್ಕೆ ಬರುತ್ತದೆ. ಸ್ಕಾಟ್ಲೆಂಡಿನ ಜೆನ್ನಿ ಗ್ರಹಾಂ 2018ರಲ್ಲಿ ಬರ್ಲಿನ್ನಿನಿಂದ ಬರ್ಲಿನ್ನಿಗೆ, ಯಾರ ನೆರವಿನ ವಾಹನವೂ ಇಲ್ಲದೆ, 124 ದಿನಗಳಲ್ಲಿ ಸುತ್ತಿ ಬಂದರು. ಅದೇ ವರ್ಷ ಮಹಾರಾಷ್ಟ್ರದ ವೇದಾಂಗಿ ಕುಲಕರ್ಣಿ ಆಸ್ಟ್ರೇಲಿಯಾದ ಪರ್ತ್‌ನಿಂದ ಹೊರಟರು. ಕೆನಡಾದಲ್ಲಿ ಕರಡಿ ಅಟ್ಟಿಸಿಕೊಂಡು ಬಂತು, ಸ್ಪೇನಿನಲ್ಲಿ ಚಾಕು ತೋರಿಸಿ ದೋಚಿದರು. ಡಿಸೆಂಬರ್‌ನಲ್ಲಿ ಕೋಲ್ಕತ್ತ ಮುಟ್ಟಿದಾಗ 29,000 ಕಿಲೋಮೀಟರ್ ಪೂರ್ತಿಯಾಗಿತ್ತು, ಆದರೂ ಹೊರಟ ಜಾಗ ಮುಟ್ಟಲು ವಿಮಾನ ಹತ್ತಿ ಪರ್ತ್‌ಗೇ ಹೋಗಬೇಕಿತ್ತು. ನಿಯಮ ಮಾಡುವವರಿಗೆ ವೃತ್ತ ಕೂಡಬೇಕು. ಸವಾರರ ಮೈಮನಸ್ಸು ಅದಕ್ಕೂ ಮೊದಲೇ ಮುಗಿಸಿಬಿಟ್ಟಿರುತ್ತದೆ.

ಗಡಿಯಾರದ ಈ ಯುಗಕ್ಕೆ ಅದರದೇ ಆದ ದುಃಖವೂ ಇದೆ. 2012ರಲ್ಲಿ ಜಗತ್ತನ್ನು 91 ದಿನ 18 ಗಂಟೆಯ ಸವಾರಿಯಲ್ಲಿ ಸುತ್ತಿದ ಇಂಗ್ಲೆಂಡಿನ ಮೈಕ್ ಹಾಲ್, 2017ರಲ್ಲಿ ಆಸ್ಟ್ರೇಲಿಯಾವನ್ನು ಪಶ್ಚಿಮದ ಫ್ರಿಮ್ಯಾಂಟಲ್‌ನಿಂದ ಪೂರ್ವದ ಸಿಡ್ನಿವರೆಗೆ ದಾಟುವ ಸುಮಾರು 5,500 ಕಿಲೋಮೀಟರಿನ ಪಂದ್ಯದಲ್ಲಿದ್ದರು. ಪ್ರತಿಯೊಬ್ಬರೂ ಒಂಟಿಯಾಗಿ, ಹೊರಗಿನ ಸಹಾಯವಿಲ್ಲದೆ ಓಡಿಸಬೇಕಾದ ಪಂದ್ಯ. ಹಾಲ್ ಎರಡನೇ ಸ್ಥಾನದಲ್ಲಿದ್ದರು. ಮಾರ್ಚ್ 31ರ ಬೆಳಕು ಹರಿಯುವ ಮುನ್ನ ಕ್ಯಾನ್‌ಬೆರಾ ಹತ್ತಿರದ ಹೆದ್ದಾರಿಯಲ್ಲಿ ಕಾರು ಬಡಿದು ಸತ್ತರು. ಸಿಡ್ನಿಗೆ ಉಳಿದಿದ್ದದ್ದು ಒಂದೇ ದಿನದ ದಾರಿ. ಪಂದ್ಯವನ್ನು ಅಲ್ಲಿಗೇ ನಿಲ್ಲಿಸಲಾಯಿತು. ದಿನಗಟ್ಟಲೆ ನಿದ್ದೆಗೆಟ್ಟು, ಕತ್ತಲಲ್ಲಿ ಲಾರಿ ಕಾರುಗಳ ನಡುವೆ ಕೊನೆಯ ಓಟ ಓಡಿಸುವ ಪದ್ಧತಿಯ ಬಗ್ಗೆ ಆಮೇಲೆ ಎದ್ದ ಪ್ರಶ್ನೆಗಳು ಎದ್ದೇಳಲೇಬೇಕಾಗಿದ್ದವು. ಅವಸರವಿಲ್ಲದ ಕಾಲದ ಸವಾರರಿಗೆ ಬೇರೆ ಅಪಾಯಗಳಿದ್ದವು ನಿಜ, ಆದರೆ ರಾತ್ರಿ ಮಲಗುವ ಸ್ವಾತಂತ್ರ್ಯವಿತ್ತು.

ಗಡಿಯಾರಕ್ಕೆ ಬೆನ್ನು ಹಾಕಿದವರ ಪೈಕಿ ಹೈಂಜ್ ಸ್ಟುಕೆ ಅವರಷ್ಟು ದೂರ ಹೋದವರಿಲ್ಲ. ಜರ್ಮನಿಯ ಹ್ಯೋವೆಲ್‌ಹೋಫ್ ಎಂಬ ಸಣ್ಣ ಊರಿನ ಈ ಅಚ್ಚು ತಯಾರಿಸುವ ಕೆಲಸಗಾರ 1962ರ ನವೆಂಬರ್‌ನಲ್ಲಿ ಮೂರು ಗೇರಿನ, 25 ಕಿಲೋ ತೂಕದ ಸೈಕಲ್ ಏರಿ ಹೊರಟರು. ಆಗ ವಯಸ್ಸು 22. ತನ್ನ ಪ್ರವಾಸದ ಕಿರುಹೊತ್ತಗೆಗಳನ್ನೂ ಫೋಟೊಗಳನ್ನೂ ದಾರಿಯಲ್ಲಿ ಮಾರುವುದೇ ಜೀವನೋಪಾಯ. ಮರಳಿದರೆ ಮತ್ತೆ ಕಾರ್ಖಾನೆಯೇ ಗತಿ ಎಂಬ ಅಂಜಿಕೆ ತನ್ನನ್ನು ಮುಂದಕ್ಕೆ ದೂಡಿತು ಎಂದು ಹೇಳಿಕೊಂಡಿದ್ದಾರೆ. ಸುಮಾರು 195 ದೇಶಗಳು, 6,48,000 ಕಿಲೋಮೀಟರ್, ಇಪ್ಪತ್ತು ಪಾಸ್‌ಪೋರ್ಟುಗಳು. 2006ರಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿ ಅದೇ ಹಳೇ ಸೈಕಲ್ ಕಳುವಾಗಿ, ಸುದ್ದಿ ಹರಡಿದ ಮೇಲೆ ಮರಳಿ ಸಿಕ್ಕಿತು. ಕೊನೆಗೊಮ್ಮೆ ಮೈ ಸಾಕೆಂದಾಗ, 2014ರಲ್ಲಿ, ಎಪ್ಪತ್ತನಾಲ್ಕರ ಸ್ಟುಕೆ ಹ್ಯೋವೆಲ್‌ಹೋಫ್‌ಗೆ ವಾಪಸ್ಸಾದರು. ಹೊರಟಾಗ ಇಬ್ಭಾಗವಾಗಿದ್ದ ಜರ್ಮನಿ ಅಷ್ಟರಲ್ಲಿ ಒಂದಾಗಿ ಕಾಲು ಶತಮಾನವಾಗುತ್ತ ಬಂದಿತ್ತು. ಊರಿನವರು ಉಳಿಯಲು ಮನೆ ಕೊಟ್ಟರು. ಐವತ್ತು ವರ್ಷಗಳಲ್ಲಿ ತೆಗೆದ ರಾಶಿ ಫೋಟೊಗಳನ್ನು ದೇಶವಾರು ಜೋಡಿಸುವ ಕೆಲಸಕ್ಕೆ ಅವರು ಅಲ್ಲಿ ಕೂತರು.